ಡ್ರೆಸ್ಡನ್ ದಾಟಿದರೆ ರುರಿಟೇನಿಯಾ

ಸಾಹಸ ಕಾದಂಬರಿಯ ರುಚಿ ಹತ್ತಿದವರು ಇಂದಲ್ಲ ನಾಳೆ ರುರಿಟೇನಿಯಾಕ್ಕೆ ಹೋಗಲೇಬೇಕು. ಭೂಪಟದಲ್ಲಿಲ್ಲದ ಆ ಪುಟ್ಟ ರಾಜ್ಯವನ್ನು ಕಟ್ಟಿದ್ದು ಲಂಡನ್ನಿನ ವಕೀಲ ಆಂಟನಿ ಹೋಪ್. 1893ರ ನವೆಂಬರಿನಲ್ಲಿ ಕೋರ್ಟಿನಿಂದ ನಡೆದು ಬರುವಾಗ ಕಥೆ ಹೊಳೆಯಿತಂತೆ; ತಿಂಗಳೊಳಗೆ ಕರಡು ಸಿದ್ಧ. ಮರುವರ್ಷ ‘ದಿ ಪ್ರಿಸನರ್ ಆಫ್ ಜೆಂಡಾ’ ಅಚ್ಚಾಯಿತು, ಹೋಪ್ ಕರಿಕೋಟು ಕಳಚಿಟ್ಟ.

ಪಟ್ಟಾಭಿಷೇಕದ ಹಿಂದಿನ ರಾತ್ರಿ ಮದ್ದು ಬೆರೆಸಿದ ಮದ್ಯ ಕುಡಿದು ದೊರೆ ಎಚ್ಚರ ತಪ್ಪುತ್ತಾನೆ. ಅವನ ತದ್ರೂಪಿಯಾದ ಇಂಗ್ಲಿಷ್ ಪ್ರವಾಸಿ ರಾಸೆಂಡಿಲ್ ಕಿರೀಟ ತೊಡುತ್ತಾನೆ. ದೊರೆಯ ಕೈಹಿಡಿಯಬೇಕಾದ ಫ್ಲೇವಿಯಾಳಿಗೆ ಮನಸೋಲುತ್ತಾನೆ. ಕಥೆ ಇಷ್ಟೇ.

ಹೋಪ್‌ನ ಕಸುಬು ಕಾಣುವುದು ಬೇರೆಡೆ. ರೈಡರ್ ಹ್ಯಾಗರ್ಡ್‌ನ ನಾಯಕರು ನಿಧಿಗಾಗಿ ಆಫ್ರಿಕಾದ ಮರುಭೂಮಿಯಲ್ಲಿ ಬಾಯಾರಿ ಸಾಯುವಂತಾಗುತ್ತಾರೆ; ರಾಸೆಂಡಿಲ್ ಡ್ರೆಸ್ಡನ್ನಿನಲ್ಲಿ ರೈಲು ಹತ್ತುತ್ತಾನೆ, ಅಷ್ಟೇ. ಟೆಲಿಗ್ರಾಂ, ರಿವಾಲ್ವರುಗಳ ಕಾಲದಲ್ಲೇ ಕೋಟೆ, ಕಂದಕ, ಕತ್ತಿವರಸೆ! ಕಬ್ಬಿಣದ ಟೀ ಮೇಜನ್ನೇ ಗುರಾಣಿ ಮಾಡಿಕೊಂಡು ಅವನು ಗುಂಡುಗಳತ್ತ ನುಗ್ಗುವ ಅಧ್ಯಾಯವನ್ನು ನಗದೆ ಓದಿದವರನ್ನು ನಾನು ನಂಬುವುದಿಲ್ಲ.

ನಕಲುಗಳಿಗೇನೂ ಬರವಿಲ್ಲ. ಅಮೆರಿಕದ ಮೆಕಚನ್ 1901ರಲ್ಲಿ ‘ಗ್ರೌಸ್ಟಾರ್ಕ್’ ಎಂಬ ಇನ್ನೊಂದು ರಾಜ್ಯ ಹುಟ್ಟುಹಾಕಿದ. 1970ರ ‘ರಾಯಲ್ ಫ್ಲ್ಯಾಶ್’ನಲ್ಲಿ ಜಾರ್ಜ್ ಮೆಕ್‌ಡೊನಾಲ್ಡ್ ಫ್ರೇಸರ್, ಇದೆಲ್ಲ ಮೊದಲು ನಡೆದದ್ದು ತನಗೇ ಎಂದು ತನ್ನ ಪುಕ್ಕಲು ನಾಯಕನ ಬಾಯಲ್ಲಿ ಹೇಳಿಸಿ ಹೋಪ್‌ನ ಕಾಲೆಳೆದ. ಎಂಜಿಆರ್ ತಾವೇ ನಿರ್ದೇಶಿಸಿ ದ್ವಿಪಾತ್ರದಲ್ಲಿ ಮಿಂಚಿದ ‘ನಾಡೋಡಿ ಮನ್ನನ್’ (1958) ಕೂಡ ಇದೇ ಬಳ್ಳಿಯದು; ನಮ್ಮ ಬಿ. ಸರೋಜಾದೇವಿ ಅದರಲ್ಲಿ ರಾಜಕುಮಾರಿ. ಬಂಗಾಳದ ‘ಝಿಂದೇರ್ ಬಂದಿ’ಯಲ್ಲಿ (1961) ಉತ್ತಮ್ ಕುಮಾರ್ ನಾಯಕ, ಸೌಮಿತ್ರ ಚಟರ್ಜಿ ಖಳ.

ಸೌಮಿತ್ರರಂಥ ಚೆಲುವನಿಗೆ ಖಳನ ಪಾತ್ರ ಕೊಟ್ಟದ್ದು ಸರಿಯಾಗಿಯೇ ಇದೆ. ಮೂಲದ ರೂಪರ್ಟ್ ಹೆಂಟ್ಜಾವ್ ಕೊಲೆಗಡುಕ, ಆದರೆ ನಗುನಗುತ್ತ ಕೊಲ್ಲುವವನು. ಪುಟದಲ್ಲಿ ಅವನಿದ್ದರೆ ನಾಯಕನೂ ಮಂಕು. ಕೊನೆಗೆ ಹೋಪ್ ಅವನನ್ನು ಕುದುರೆಯೇರಿ ಪಾರಾಗಲು ಬಿಡುತ್ತಾನೆ. ಗೆದ್ದ ರಾಸೆಂಡಿಲ್‌ಗೋ ಸಿಂಹಾಸನವೂ ಇಲ್ಲ, ಫ್ಲೇವಿಯಾಳೂ ಇಲ್ಲ. ತದ್ರೂಪಿಯನ್ನು ಎರವಲು ತರುವುದು ಸುಲಭ. ಓದುಗರಿಗೆ ಇಷ್ಟವಾದ ಜೋಡಿಯನ್ನು ಅಗಲಿಸಿಯೂ ಪುಸ್ತಕವನ್ನು ಉಲ್ಲಾಸದಿಂದ ಮುಗಿಸಲು ಬೇರೆಯೇ ಎದೆಗಾರಿಕೆ ಬೇಕು.

1898ರ ಉತ್ತರಭಾಗ ‘ರೂಪರ್ಟ್ ಆಫ್ ಹೆಂಟ್ಜಾವ್’ ಅನ್ನು ಮೊದಲನೆಯದರ ಬೆನ್ನಿಗೇ ಕೈಗೆತ್ತಿಕೊಳ್ಳಬೇಡಿ. ಅಲ್ಲಿ ಕಥೆ ಹೇಳುವವನು ರಾಸೆಂಡಿಲ್‌ನ ಗೆಳೆಯ ಫ್ರಿಟ್ಜ್. ಒಳ್ಳೆಯವನೇ, ತುಂಟತನ ಮಾತ್ರ ಸಾಲದು.