ಉಸಿರಾಡುವ ಬೇರುಗಳು

ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಜೋಗಕ್ಕೆ ಓಡುವವರಿಗೆ ಕತ್ತಲೆಕಾನು ಎಂಬ ಕಾಡು ಬರೀ ತಿರುವುಗಳ ಹಾದಿ. ಗಾಡಿ ನಿಲ್ಲಿಸಿ ಹಳ್ಳದ ಜಾಡು ಹಿಡಿದವರಿಗೆ ಮಾತ್ರ ರಾಮಪತ್ರೆ ಜಡ್ಡಿಯ, ಅಂದರೆ ರಾಮಪತ್ರೆ ಮರಗಳ ಜೌಗಿನ, ಕಸುಬು ಕಾಣುತ್ತದೆ.

ಸದಾ ನೀರುಂಡ ಕಪ್ಪು ಕೆಸರಿನಲ್ಲಿ ಬೇರಿಗೆ ಗಾಳಿ ಸಿಗದು. ಅದಕ್ಕೇ ಕೆಲವು ಬೇರುಗಳು ಮಡಿಸಿದ ಮೊಣಕಾಲಿನಂತೆ ಮೇಲೆದ್ದು, ಉಸಿರಾಡಿ, ಮತ್ತೆ ಕೆಸರಿಗಿಳಿಯುತ್ತವೆ. ಇನ್ನು ಕೆಲವು ಕಾಂಡದಿಂದಲೇ ಕವಲೊಡೆದು ಇಳಿದು, ಸಡಿಲ ನೆಲದಲ್ಲಿ ಮರ ವಾಲದಂತೆ ಆತುಕೊಳ್ಳುತ್ತವೆ. ಎಂಥ ಲೆಕ್ಕಾಚಾರ! ಮೇಲೆ ಕಾಯಿ ಬಿರಿದರೆ ಬೀಜಕ್ಕೆ ಸುತ್ತಿದ ಕೆಂಪು ಪತ್ರೆ. ಅದರಾಸೆಗೆ ಬರುವ ಮಂಗಟ್ಟೆ ಹಕ್ಕಿ ಬೀಜವನ್ನು ದೂರ ಒಯ್ಯುತ್ತದೆ.

2000ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಇಲ್ಲಿನದೊಂದು ಮರಕ್ಕೆ ಕಾಡಿನ ಹೆಸರೇ ಸಂದಿದೆ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಮರದ ಎತ್ತರಕ್ಕೆ ಬೆರಗಾಗುವುದು ಸುಲಭ. ನನ್ನ ಮೆಚ್ಚುಗೆಯೆಲ್ಲ ಈ ಬೇರುಗಳ ಜಾಣ್ಮೆಗೆ.