ಪರದೆಯ ಮೇಲಿನ ಭಾಷಾಪಾಠ

ಇಂಗ್ಲಿಷ್ ಪಾಠಕ್ಕೆ ಸ್ಲೈಡ್‌ಗಳನ್ನು ತೋರಿಸಿದರೆ ಮಕ್ಕಳಲ್ಲಿ ಉತ್ಸಾಹ ಮೂಡುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ದೀಪ ಆರಿಸಿ ಪರದೆ ಬೆಳಗಿದೊಡನೆ ತರಗತಿ ಸದ್ದಡಗುವುದೂ ನಿಜ. ಆದರೆ ಭಾಷೆಯ ತರಗತಿಯಲ್ಲಿ ನಿಶ್ಶಬ್ದವನ್ನು ಯಶಸ್ಸೆಂದು ಎಣಿಸಬಹುದೇ?

ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂತೋಷ್ ಕಂಪ್ಯೂಟರಿಗಾಗಿ ಬಂದ ತಂತ್ರಾಂಶ. ಅದು ಹುಟ್ಟಿದ್ದು ಕಚೇರಿ ಸಭೆಗಳಿಗಾಗಿ. ಹೇಳುವವರು ಒಬ್ಬರು, ಕೇಳುವವರು ಉಳಿದವರೆಲ್ಲ. ಈ ಏರ್ಪಾಡು ಸ್ಲೈಡ್‌ಗಳ ಜೊತೆಗೇ ಶಾಲೆಗೂ ಬಂದಿದೆ. ಚುಕ್ಕೆಯಿಟ್ಟು ಬರೆದ ಸಾಲುಗಳು ವಿಚಾರಗಳ ನಡುವಿನ ಸಂಬಂಧವನ್ನು ಕಡಿದುಹಾಕುತ್ತವೆ ಎಂದು ಎಡ್ವರ್ಡ್ ಟಫ್ಟಿ 2003ರಲ್ಲೇ ಟೀಕಿಸಿದ್ದರು. ಭಾಷಾ ಶಿಕ್ಷಕರಿಗೆ ಈ ಟೀಕೆ ಇನ್ನಷ್ಟು ಚುಚ್ಚಬೇಕು. ಅಂಥ ಸಾಲುಗಳಲ್ಲಿ ಅನೇಕ ವೇಳೆ ಕ್ರಿಯಾಪದವೇ ಇರುವುದಿಲ್ಲ. 'ಏಕೆಂದರೆ', 'ಆದರೂ' ಎಂಬ ಅರ್ಥದ ಕೊಂಡಿಪದಗಳೂ ಇರುವುದಿಲ್ಲ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ತಡವರಿಸುವುದು ಸರಿಯಾಗಿ ಅಲ್ಲಿಯೇ.

ಇನ್ನೊಂದು ಆಕ್ಷೇಪವನ್ನು ಮಾತ್ರ ಎಚ್ಚರದಿಂದ ಒಪ್ಪಬೇಕು. ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಸಂಗಡಿಗರು ಮಿಂಚು ಉಂಟಾಗುವ ಬಗೆಯನ್ನು ಚಲಿಸುವ ಚಿತ್ರಗಳ ಮೂಲಕ ವಿದ್ಯಾರ್ಥಿಗಳಿಗೆ ವಿವರಿಸಿದರು. ಆಡಿದ ಮಾತನ್ನೇ ಪರದೆಯ ಮೇಲೆ ಅಕ್ಷರದಲ್ಲೂ ತೋರಿಸಿದಾಗ ಕಲಿಕೆ ಕುಗ್ಗಿತು. ಕಣ್ಣು ಚಿತ್ರ ಮತ್ತು ಅಕ್ಷರಗಳ ನಡುವೆ ಹಂಚಿಹೋಗುವುದು ಇದಕ್ಕೆ ಒಂದು ಕಾರಣ. ಆದ್ದರಿಂದ ಪರದೆಯಲ್ಲಿ ಅಕ್ಷರವೇ ಬೇಡ ಎನ್ನುವವರಿದ್ದಾರೆ. ಅಲ್ಲಿ ಕಲಿಸಿದ್ದು ವಿಜ್ಞಾನವನ್ನು, ಭಾಷೆಯನ್ನಲ್ಲ ಎಂಬುದನ್ನು ಅವರು ಮರೆಯುತ್ತಾರೆ. 'ಐಲಂಡ್' ಎಂದು ಕೇಳಿದ ಮಗುವಿಗೆ ಅದರ ಕಾಗುಣಿತದಲ್ಲಿ ಉಚ್ಚಾರವಿಲ್ಲದ 'ಎಸ್' ಅಡಗಿದೆ ಎಂದು ಕಿವಿ ತಿಳಿಸಲಾರದು. ಅದಕ್ಕೆ ಅಕ್ಷರ ಕಣ್ಣಿಗೆ ಬೀಳಲೇಬೇಕು. ಹೊಸ ಪದಕ್ಕೆ ಅಕ್ಷರವಿರಲಿ; ಇಡೀ ಪಾಠವನ್ನು ಪರದೆಗೇರಿಸಿ ಓದಿಹೇಳುವುದು ಬೇಡ.

ಹಾಗಾದರೆ ಸ್ಲೈಡ್‌ನಿಂದ ಪ್ರಯೋಜನವೇ ಇಲ್ಲವೇ? ಇದೆ, ಅದನ್ನು ಮಕ್ಕಳ ಕೈಗೆ ಕೊಟ್ಟರೆ. 2003ರಲ್ಲಿ ಟೋಕಿಯೋದಲ್ಲಿ ಇಬ್ಬರು ವಾಸ್ತುಶಿಲ್ಪಿಗಳು 'ಪೆಚಕುಚ' ಎಂಬ ಪದ್ಧತಿಯನ್ನು ಆರಂಭಿಸಿದರು. 20 ಚಿತ್ರಗಳು, ಒಂದೊಂದಕ್ಕೆ 20 ಸೆಕೆಂಡು, ಅಷ್ಟರಲ್ಲಿ ಮಾತು ಮುಗಿಯಬೇಕು. ಇದು ಭಾಷಾ ತರಗತಿಗಳಿಗೂ ಹರಡಿದೆ. ಎಂಟನೆಯ ತರಗತಿಗೆ 5 ಚಿತ್ರ ಸಾಕು. ಅಂದರೆ ಒಬ್ಬರಿಗೆ 100 ಸೆಕೆಂಡು. ಚಿತ್ರದ ಮೇಲೆ ವಾಕ್ಯವಿಲ್ಲದಿದ್ದರೆ ವಾಕ್ಯವನ್ನು ಮಗುವೇ ಕಟ್ಟಬೇಕಾಗುತ್ತದೆ.

ಈಗ ಲೆಕ್ಕ ಹಾಕಿ. 40 ಮಕ್ಕಳು ಒಬ್ಬೊಬ್ಬರಾಗಿ ಮಾತನಾಡಿದರೆ 4000 ಸೆಕೆಂಡು ಬೇಕು. 40 ನಿಮಿಷದ ಅವಧಿಯಲ್ಲಿರುವುದು 2400 ಮಾತ್ರ. ಐವರಂತೆ ಎಂಟು ಗುಂಪು ಮಾಡಿ ಎಲ್ಲ ಗುಂಪುಗಳಲ್ಲೂ ಏಕಕಾಲಕ್ಕೆ ಮಾತು ನಡೆದರೆ 500 ಸೆಕೆಂಡಿಗೆ ಎಲ್ಲರ ಸರದಿಯೂ ಮುಗಿಯುತ್ತದೆ. ಆದರೆ ಪರದೆ ಇರುವುದು ಒಂದೇ! ಹಾಗಾಗಿ ಚಿತ್ರಗಳನ್ನು ಡ್ರಾಯಿಂಗ್ ಹಾಳೆಯಲ್ಲೇ ಬರೆಸಿ. ವಿದ್ಯುತ್ತು ಹೋದರೂ ಪಾಠ ನಿಲ್ಲದು. ಪಕ್ಕದ ಕೊಠಡಿಯ ಮೇಷ್ಟ್ರಿಗೆ ಮಾತ್ರ ಮೊದಲೇ ಹೇಳಿಡಿ, ಗದ್ದಲ ಆಗಿಯೇ ಆಗುತ್ತದೆ.