ಕುಮಾರ ಗಂಧರ್ವರ ನಿರ್ಗುಣ ಗಾಯನ: ಒಂದು ವಿವೇಚನೆ

ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ 'ಕವಿರಾಜಮಾರ್ಗ'ವು ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅವನ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಸಂಸ್ಕೃತದ ಮಾರ್ಗವನ್ನು ಕನ್ನಡಕ್ಕೆ ಒಗ್ಗಿಸಹೊರಟ ಆ ಗ್ರಂಥವೂ ಚತ್ತಾಣ, ಬೆದಂಡೆ ಎಂಬ ದೇಶೀಯ ಕಾವ್ಯಪ್ರಕಾರಗಳನ್ನು ಹೆಸರಿಸದೆ ಮುಂದುವರಿಯಲಾರದಾಯಿತು. ಸಂಗೀತಶಾಸ್ತ್ರದಲ್ಲಿಯೂ ಮಾರ್ಗ–ದೇಶಿಗಳ ವಿವೇಚನೆ ಪ್ರಾಚೀನವಾದುದೇ. ಮತಂಗನ 'ಬೃಹದ್ದೇಶೀ' ತನ್ನ ಹೆಸರಿನಲ್ಲಿಯೇ ಅದನ್ನು ಹೊತ್ತಿದೆ. ಹೀಗಿರುವಾಗ, ಮಾರ್ಗದಲ್ಲಿ ನಿಷ್ಣಾತನಾಗಿ, ಅದರಲ್ಲಿಯೂ ಪ್ರಯೋಗಶೀಲನೆಂದು ಹೆಸರಾದ ಗಾಯಕನೊಬ್ಬನು ಯಾರೂ ನಿರೀಕ್ಷಿಸದ ರೀತಿಯಲ್ಲಿ ದೇಶಿಯತ್ತ ತಿರುಗಿದರೆ ಬದಲಾಗುವುದು ಯಾವುದು? ಅವನು ಹಾಡುವ ಪದಗಳ ಪಟ್ಟಿಯೋ, ಅವನ ಕಂಠವೋ? ಈ ಪ್ರಶ್ನೆಯನ್ನು ಕುಮಾರ ಗಂಧರ್ವರ ನಿರ್ಗುಣ ಗಾಯನದ ನೆಲೆಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕುಮಾರ ಗಂಧರ್ವರ ಹುಟ್ಟುಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಅವರು ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ೧೯೨೪ರ ಏಪ್ರಿಲ್ ೮ರಂದು ಜನಿಸಿದರು. ಬಾಲಪ್ರತಿಭೆಯೆಂದು ಮೆರೆದವರು, ಆ ಬಿರುದೂ ಬಾಲ್ಯದಲ್ಲಿಯೇ ಬಂದದ್ದು. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಶಿಕ್ಷಣವಾಯಿತು. ದೇವಧರರು ಒಂದೇ ಘರಾಣೆಗೆ ಕಟ್ಟುಬಿದ್ದವರಲ್ಲ. ಕಂಠಸಂಸ್ಕಾರವನ್ನು ಕುರಿತು ಆಳವಾಗಿ ಚಿಂತಿಸಿದವರು. ಶಿಷ್ಯರಲ್ಲಿ ಕಾಣುವ ಪ್ರಯೋಗಬುದ್ಧಿಯ ಬೇರು ಇಲ್ಲಿದೆ.

೧೯೪೮ರಲ್ಲಿ ಕ್ಷಯರೋಗಪೀಡಿತರಾದ ಅವರು ಹವೆಯ ಬದಲಾವಣೆಗೆಂದು ಮಾಳವ ಪ್ರಾಂತದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ವರ್ಷಗಟ್ಟಲೆ ಹಾಸಿಗೆ. ಸ್ಟ್ರೆಪ್ಟೊಮೈಸಿನ್ ಔಷಧವು ದೊರೆತ ಮೇಲೆ ಚೇತರಿಸಿಕೊಂಡು, ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಅವರು ಮತ್ತೆ ವೇದಿಕೆಗೆ ಬಂದರು. ಆದರೆ ಒಂದು ಶ್ವಾಸಕೋಶ ಕೆಟ್ಟಿತ್ತು. ದೀರ್ಘ ತಾನಗಳಿಗೆ ಉಸಿರು ಸಾಲದೆ ಚಿಕ್ಕ ಚಿಕ್ಕ ಸ್ವರಗುಚ್ಛಗಳ ಶೈಲಿಯನ್ನು ಅವರು ಕಂಡುಕೊಂಡರೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ವಿವರಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಇಷ್ಟರಿಂದಲೇ ತೃಪ್ತರಾಗುವುದು ವಿಮರ್ಶೆಯ ಸೋಮಾರಿತನ. ಕೆಟ್ಟ ಶ್ವಾಸಕೋಶ ತಾನವನ್ನು ಮೊಟಕುಗೊಳಿಸಬಲ್ಲದು. ಹೊಸದೊಂದು ಶ್ರವಣವನ್ನು ಕೊಡಲಾರದು. ಆ ವರ್ಷಗಳಲ್ಲಿ ಹಾಡಲಾಗದ ಗಾಯಕನು ಕೇಳುಗನಾದದ್ದೇ ಮುಖ್ಯ ಸಂಗತಿ. ಮಾಳವದ ಹೆಂಗಸರ ಹಾಡು, ಭಿಕ್ಷೆಗೆ ಬರುವ ನಾಥಪಂಥದ ಜೋಗಿಗಳ ಪದ, ಇವೆರಡೂ ಅವರ ಕಿವಿಗೆ ಬಿದ್ದವು.

ಇದರ ಫಲ ಎರಡು ಬಗೆಯದು. ಜನಪದ ಧಾಟಿಗಳಿಂದಲೇ ರಾಗಗಳು ಹುಟ್ಟುತ್ತವೆಂದು ಅವರು ಪ್ರತಿಪಾದಿಸಿ, ಮಾಲವತಿ, ಸಂಜಾರಿ, ಸಹೇಲಿ ತೋಡಿ ಮೊದಲಾದ ಧುನ್ ಉಗಮ ರಾಗಗಳನ್ನು ಕಟ್ಟಿದರು; 'ಅನೂಪ ರಾಗವಿಲಾಸ'ದಲ್ಲಿ ತಮ್ಮ ರಚನೆಗಳನ್ನು ಪ್ರಕಟಿಸಿದರು. ಈ ಕೆಲಸ ಎಷ್ಟೇ ಹೊಸದಾದರೂ ಇದರ ದಿಕ್ಕು ಹಳೆಯದೇ. ದೇಶಿಯು ಇಲ್ಲಿ ಕಚ್ಚಾ ಸಾಮಗ್ರಿ. ಮಾರ್ಗವು ಅದನ್ನು ಕಡೆದು ನಯಗೊಳಿಸುತ್ತದೆ.

ಕಬೀರಾದಿಗಳ ನಿರ್ಗುಣ ಪದಗಳ ಗಾಯನವಾದರೋ ಬೇರೆ. ಇಲ್ಲಿ ತಿದ್ದಿಸಿಕೊಂಡವನು ಗಾಯಕ. ತಂಬೂರಿಗಳ ಶ್ರುತಿಯೊಂದು ದಟ್ಟವಾಗಿ ಹರಡುತ್ತದೆ; ಅದರ ನಡುವಿನಿಂದ ಧ್ವನಿಯನ್ನು ಕವಣೆಯ ಕಲ್ಲಿನಂತೆ ಮೇಲಕ್ಕೆ ಎಸೆದು ಥಟ್ಟನೆ ನಿಲ್ಲಿಸುತ್ತಾರೆ. ಸ್ವರಕ್ಕೆ ಬಾಲವಿಲ್ಲ, ಅಲಂಕಾರವಿಲ್ಲ. ನಿಂತಮೇಲಿನ ಮೌನವೂ ಪದದ ಭಾಗವಾಗುತ್ತದೆ. ಖಯಾಲಿನಲ್ಲಿ ರಾಗವನ್ನು ವಿಸ್ತರಿಸುವ ಬುದ್ಧಿ ಇಲ್ಲಿ ತನ್ನನ್ನು ತಾನೇ ತಡೆದುಕೊಂಡಿದೆ. ಸೂರದಾಸ, ಮೀರಾ ಪದಗಳನ್ನೂ ಅವರು ಹಾಡಿದರು. ಆದರೆ ಅಲ್ಲಿ ಕೇಳುವುದು ಬಹುಮಟ್ಟಿಗೆ ಪಳಗಿದ ಶಾಸ್ತ್ರೀಯ ಕಂಠವೇ. ಕಬೀರನಲ್ಲಿ ಮಾತ್ರ ಜೋಗಿಯ ಉಸಿರು ಗಾಯಕನ ಉಸಿರನ್ನು ಬದಲಿಸಿತೆಂದು ನನ್ನ ತಿಳಿವಳಿಕೆ.

ಹೋಲಿಕೆಗೆ ಪಾಶ್ಚಾತ್ಯ ನಿದರ್ಶನವೊಂದನ್ನು ನೋಡಬಹುದು. ಜಮೈಕದ ರೆಗೇ ಸಂಗೀತ ೧೯೬೦ರ ದಶಕದ ಕೊನೆಯಲ್ಲಿ ಕಿಂಗ್‌ಸ್ಟನ್ ನಗರದ ಬಡಕೇರಿಗಳಿಂದ ಬೆಳೆದು ಬಂದದ್ದು. ಅದರ ಪ್ರಸಿದ್ಧವಾದ ಒಂದು ಗತಿಯಲ್ಲಿ ನಾಲ್ಕು ಎಣಿಕೆಗಳ ಪೈಕಿ ಮೊದಲನೆಯದನ್ನು ಬರಿದು ಬಿಟ್ಟು ಮೂರನೆಯದರ ಮೇಲೆ ಡ್ರಮ್ಮಿನ ಭಾರವನ್ನು ಹಾಕುತ್ತಾರೆ. ಗಿಟಾರು ಎರಡನೆಯ, ನಾಲ್ಕನೆಯ ಎಣಿಕೆಗಳಲ್ಲಿ ಮಾತ್ರ ಮಿಡಿಯುತ್ತದೆ. ೧೯೭೧ರಲ್ಲಿ ರಾಕ್ ವಾದ್ಯಗಳಿಗೆ ತಂತಿವಾದ್ಯಗಳ ದೊಡ್ಡ ಮೇಳವನ್ನು ಬೆಸೆದು ಕಥನರೂಪದ ಧ್ವನಿಮುದ್ರಿಕೆಯನ್ನು ಹೊರತಂದಿದ್ದ ಫ್ರಾನ್ಸಿನ ಸೆರ್ಜ್ ಗೇನ್ಸ್‌ಬೂರ್, ೧೯೭೯ರಲ್ಲಿ ತಾನೇ ಕಿಂಗ್‌ಸ್ಟನ್ನಿಗೆ ಹೋಗಿ, ಸ್ಲೈ ಡನ್‌ಬಾರ್, ರಾಬಿ ಶೇಕ್ಸ್‌ಪಿಯರ್ ಮೊದಲಾದ ಅಲ್ಲಿಯ ವಾದಕರೊಡನೆ ರೆಗೇ ಮುದ್ರಿಕೆಯೊಂದನ್ನು ಮಾಡಿದನು. ಬಾಬ್ ಮಾರ್ಲಿಯ ಮೇಳದ ಮೂವರು ಗಾಯಕಿಯರು ಪಲ್ಲವಿಗಳನ್ನು ಹಾಡಿದರು. ಫ್ರಾನ್ಸಿನ ರಾಷ್ಟ್ರಗೀತೆಯನ್ನೂ ಆ ಗತಿಗೆ ಅಳವಡಿಸಿದ್ದರಿಂದ ದೊಡ್ಡ ಗಲಭೆಯೆದ್ದಿತು. ೧೯೮೦ರ ಜನವರಿಯಲ್ಲಿ ಸ್ಟ್ರಾಸ್‌ಬೂರ್ ನಗರದ ಕಚೇರಿಗೆ ಛತ್ರೀಸೈನಿಕರೇ ಬಂದು ಕುಳಿತರು. ಸಾಹಸವೇನೋ ಸಾಹಸವೇ. ಆದರೆ ಕಿವಿಗೊಟ್ಟು ಕೇಳಿದರೆ ಗೇನ್ಸ್‌ಬೂರನ ಅರೆಮಾತಿನ, ಅರೆಪಿಸುಮಾತಿನ ಉಚ್ಚಾರಣೆ ಮೊದಲು ಹೇಗಿತ್ತೋ ಹಾಗೆಯೇ ಇದೆ. ಅವನ ಸುತ್ತಲಿನ ಸಂಗೀತ ಬದಲಾಯಿತು, ಅವನು ಬದಲಾಗಲಿಲ್ಲ.

ಹಾಗೆಂದು ಕುಮಾರ ಗಂಧರ್ವರದು ನಿಷ್ಕಳಂಕ ಸಿದ್ಧಿಯೆಂದು ಮುಗಿಸುವಂತಿಲ್ಲ. ಗೇನ್ಸ್‌ಬೂರ್ ಉಳಿಸಿಕೊಂಡ ಒಂದು ವಸ್ತುವನ್ನು ಅವರು ಬಿಟ್ಟುಕೊಟ್ಟರು: ಹಿಮ್ಮೇಳ. ವಸುಂಧರಾ ಕೊಂಕಾಳಿಯವರ ಸಹಗಾಯನ ಎಷ್ಟು ಮಧುರವಾದರೂ ಅದು ಕೇರಿಯ ಜನ ಎತ್ತಿಕೊಳ್ಳುವ ಪಲ್ಲವಿಯಲ್ಲ. ನಿರ್ಗುಣವು ಅವರ ಕಂಠದಲ್ಲಿ ಒಂಟಿಯ ಧ್ಯಾನವಾಯಿತು. ಸಭಾಗೃಹದ ಕೇಳುಗರು ಮೌನವಾಗಿ ಕುಳಿತು ಅದನ್ನು ಸವಿದರು. ಇದು ದೊಡ್ಡ ಲಾಭ, ಸಣ್ಣದಲ್ಲದ ನಷ್ಟ.

ಈ ನಷ್ಟದ ಅಳತೆ ನಮ್ಮ ಭಾಗದವರಿಗೆ ಚೆನ್ನಾಗಿ ಗೊತ್ತಾಗಬೇಕು. ಕಡಕೋಳ ಮಡಿವಾಳಪ್ಪನ, ಅವನ ಶಿಷ್ಯಪರಂಪರೆಯ ಚೆನ್ನೂರ ಜಲಾಲಸಾಹೇಬ ಮೊದಲಾದವರ ತತ್ತ್ವಪದಗಳು ಈ ಸೀಮೆಯ ಸ್ವತ್ತು. ಸೇಡಂ, ಚಿಂಚೋಳಿ, ಚಿತ್ತಾಪುರಗಳ ಹಳ್ಳಿಗಳಲ್ಲಿ, ಶಹಾಬಾದಿನ ಹಾಸುಗಲ್ಲಿನ ಗಣಿಗಳಿಗೂ ವಾಡಿಯ ಸಿಮೆಂಟು ಕಾರ್ಖಾನೆಗೂ ದುಡಿಯಹೋಗುವವರ ಓಣಿಗಳಲ್ಲಿ, ಪದ ಹೇಳುವವನು ಒಂದು ಸಾಲನ್ನು ಎತ್ತಿದರೆ ಮೇಳದವರೆಲ್ಲ ಅದನ್ನು ಹಿಡಿಯುತ್ತಾರೆ. ಏಕತಾರಿ, ದಮ್ಮಡಿ, ತಾಳ ಇಷ್ಟೇ ಪರಿಕರ. ಒಗಟಿನಂಥ ಮಾತು ಹತ್ತು ಬಾಯಿಗಳಲ್ಲಿ ಮರಳಿ ಮರಳಿ ಬಂದು ಅರ್ಥ ಬಿಚ್ಚುತ್ತದೆ. ಇತ್ತೀಚೆಗೆ ಕಾಲೇಜಿನ ಉತ್ಸವಗಳಲ್ಲಿ ಗಿಟಾರು, ಡ್ರಮ್ಮುಗಳೊಡನೆ ಈ ಪದಗಳನ್ನು ಹಾಡುವ ತರುಣರನ್ನು ಕಂಡಾಗ ನನಗೆ ವಾದ್ಯಗಳ ಮೇಲೆ ಆಕ್ಷೇಪವಿಲ್ಲ. ಸಾಲು ಮುಗಿಯುವ ಮೊದಲೇ ಡ್ರಮ್ಮು ಅದನ್ನು ನುಂಗುವುದರ ಮೇಲೆ, ಪಲ್ಲವಿಯನ್ನು ಹಿಡಿಯಲು ಯಾರಿಗೂ ಎಡೆಯಿಲ್ಲದಿರುವುದರ ಮೇಲೆ ಆಕ್ಷೇಪವಿದೆ. ಗೇನ್ಸ್‌ಬೂರನಂತೆ ತಾವೂ ಬದಲಾಗದೆ, ಅವನು ಉಳಿಸಿಕೊಂಡ ಹಿಮ್ಮೇಳವನ್ನೂ ಇವರು ಕಳೆದುಕೊಂಡಿದ್ದಾರೆ.

ತತ್ತ್ವಪದಗಳ ಪಾಠಗಳು ಈಗ ಸಂಪುಟಗಳಾಗಿ ಅಚ್ಚಾಗಿವೆ; ಅದು ಸ್ತುತ್ಯವಾದ ಕೆಲಸ. ಆದರೆ ಅಚ್ಚಿನ ಪುಟ ಪದವನ್ನು ಕೊಡುತ್ತದೆ, ಉಸಿರನ್ನು ಕೊಡುವುದಿಲ್ಲ. ಕ್ಷೇತ್ರಕಾರ್ಯಕ್ಕೆ ಹೊರಡುವ ನಮ್ಮ ವಿದ್ಯಾರ್ಥಿಗಳು ಪಾಠಾಂತರಗಳನ್ನು ಬರೆದುಕೊಳ್ಳುವ ಪುಸ್ತಕದಲ್ಲಿಯೇ, ಪಲ್ಲವಿಯನ್ನು ಮೊದಲು ಯಾರು ಹಿಡಿದರು, ಎಷ್ಟನೆಯ ಸಲಕ್ಕೆ ದಮ್ಮಡಿಯ ಗತಿ ಏರಿತು, ಹೇಳುವವನು ಎಲ್ಲಿ ಸುಮ್ಮನಾದನು ಎಂಬುದನ್ನೂ ಗುರುತು ಹಾಕಿಕೊಳ್ಳತಕ್ಕದ್ದು.